ಏಳು ಮೀಟರ್ ದೂರದ ತಮ್ಮ

ಲಂಡನ್ನಿನಿಂದ ಬಂದ ಮೇಲೆ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಮಾತು. ರಾಣಿಯ ಅರಮನೆ ನೋಡಿದಿರಾ, ಆ ದೊಡ್ಡ ಗಡಿಯಾರ ನೋಡಿದಿರಾ? ನೋಡಿದೆ. ಎರಡೂ ಫೋಟೋದಲ್ಲಿ ಇದ್ದ ಹಾಗೆಯೇ ಇವೆ. ಆದರೆ ಆರು ವಾರ ಅಲ್ಲಿದ್ದು ನಾನು ಮನಸ್ಸಿಟ್ಟು ನೋಡಿದ್ದು ನನ್ನ ಸ್ವಂತ ತಮ್ಮನನ್ನು, ಅದೂ ಏಳು ಮೀಟರ್ ದೂರದಿಂದ. ಅದಕ್ಕೆ ಕಾರಣ ಆಫ್ರಿಕದ ಗೊರಿಲ್ಲಾಗಳು. ಹೀಗೆಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಹೀಥ್ರೂ

ನನ್ನ ತಮ್ಮ ರಾಘು ಅಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎದೆರೋಗದ ಡಾಕ್ಟರ. ಐವತ್ತೊಂಬತ್ತು ವರ್ಷ. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಧಾರವಾಡದ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವ್ವ ತೀರಿಕೊಂಡಾಗ ಬಂದಿದ್ದ ರಾಘುವನ್ನು ಆರು ವರ್ಷದಿಂದ ನೋಡಿರಲಿಲ್ಲ. ವಿಮಾನದಲ್ಲಿ ಕೂತು ಒಂದೇ ಯೋಚನೆ ಮಾಡಿದ್ದೆ: ಕಂಡ ಕೂಡಲೇ ಅವನ ಗಲ್ಲ ಹಿಂಡಬೇಕು, ಆಮೇಲೆ ಉಳಿದದ್ದು.

ಹೊರಗೆ ಬಂದರೆ ಕಂಬಿಯ ಆಚೆ ರಾಘು ಆಪರೇಶನ್ ಮಾಡುವವರ ಹಾಗೆ ಮೂಗು ಬಾಯಿ ಕಟ್ಟಿಕೊಂಡು ನಿಂತಿದ್ದ. ನಾನು ಟ್ರಾಲಿ ತಳ್ಳಿಕೊಂಡು ಓಡಿದೆ. ಅವನು ಎರಡೂ ಕೈ ಮುಂದೆ ಚಾಚಿ ಕೂಗಿದ.

"ಅಕ್ಕಾ, ಅಲ್ಲೇ ನಿಂದರು! ಮುಂದ ಬರಬ್ಯಾಡ!"

ಸಾರ್ಸ್ ರೋಗದ ಗದ್ದಲ ಮುಗಿದು ಒಂದು ವರ್ಷವಾಗಿತ್ತಷ್ಟೇ. ಮುಖ ಕಟ್ಟಿಕೊಂಡ ಡಾಕ್ಟರನೊಬ್ಬ ಹೆಂಗಸೊಬ್ಬಳನ್ನು ಹತ್ತಿರ ಬರಬೇಡ ಎನ್ನುತ್ತಿರುವುದನ್ನು ನೋಡಿ ಸುತ್ತಲಿನ ಜನ ಸದ್ದಿಲ್ಲದೆ ಸರಿದರು. ಇಂಗ್ಲಿಷರು ಗಾಬರಿಯಲ್ಲೂ "ಸಾರಿ, ಸಾರಿ" ಎನ್ನುತ್ತಲೇ ಓಡುತ್ತಾರೆ. ಎರಡು ನಿಮಿಷದಲ್ಲಿ ಅಷ್ಟು ದೊಡ್ಡ ವಿಮಾನ ನಿಲ್ದಾಣದ ನಡುವೆ ನಾನೊಬ್ಬಳೇ ಉಳಿದೆ.

ರಾಘುವಿನ ಹೆಂಡತಿ ಸುಧಾ ಬಂದು ನನ್ನ ಕೈ ಹಿಡಿದು ವಿಷಯ ಹೇಳಿದಳು. ರಾಘು ನಾಲ್ಕು ವಾರದ ನಂತರ ಉಗಾಂಡಾ ದೇಶದ ಕಾಡಿಗೆ ಹೊರಟಿದ್ದ, ಬೆಟ್ಟದ ಗೊರಿಲ್ಲಾಗಳನ್ನು ನೋಡಲು. ಅವುಗಳ ಶರೀರ ನಮ್ಮ ಶರೀರಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ನೆಗಡಿ ಅವಕ್ಕೂ ಅಂಟುತ್ತದೆ. ನಮಗೆ ಮೂರು ದಿನದ ಸೀನು, ಅವಕ್ಕೆ ಅದೇ ನ್ಯುಮೋನಿಯಾ ಆಗಿ ಇಡೀ ಸಂಸಾರ ಮಲಗಬಹುದು. ಆದ್ದರಿಂದ ನೆಗಡಿಯಾದವರನ್ನು ಕಾಡಿನೊಳಗೆ ಬಿಡುವುದೇ ಇಲ್ಲ. ಗಟ್ಟಿಮುಟ್ಟಾಗಿದ್ದವರೂ ಗೊರಿಲ್ಲಾದಿಂದ ಏಳು ಮೀಟರ್ ದೂರ ನಿಲ್ಲಬೇಕು.

"ಅದು ಗೊರಿಲ್ಲಾಕ್ಕ. ನನ್ನಿಂದ ಯಾಕ ಏಳು ಮೀಟರ್?" ಎಂದೆ.

"ಅಕ್ಕಾರ, ಇವರು ಈಗಿಂದನ ಶುರು ಮಾಡ್ಯಾರ. ವಿಮಾನದಾಗ ಬಂದವರ ನೆಗಡಿ ಭಾಳ ಕೆಟ್ಟಂತ," ಎಂದು ಸುಧಾ ತಲೆ ತಗ್ಗಿಸಿದಳು.

ಕಾರಿನಲ್ಲಿ ಏಳು ಮೀಟರ್ ಎಲ್ಲಿಂದ ತರುವುದು? ನನ್ನ ಎರಡು ಸೂಟ್‌ಕೇಸು, ಉಪ್ಪಿನಕಾಯಿ ಭರಣಿ, ಪೇಢೆಯ ಡಬ್ಬಿ ಎಲ್ಲ ತಮ್ಮನ ಜೊತೆ ಕಾರಿನಲ್ಲಿ ಹೋದವು. ನಾನು ಸುಧಾಳ ಜೊತೆ ಟ್ಯೂಬ್ ಎನ್ನುವ ನೆಲದೊಳಗಿನ ರೈಲು ಹತ್ತಿದೆ. ನನಗೆ ಸಿಟ್ಟು ಬಂದಿತ್ತು.

ಕೆಂಟನ್

ರಾಘುವಿನ ಬಡಾವಣೆ ಕೆಂಟನ್ನಿನಲ್ಲಿ ಮನೆಗಳೆಲ್ಲ ಜೋಡಿ ಜೋಡಿ, ಒಂದೇ ಗೋಡೆಗೆ ಎರಡು ಮನೆ ಬೆನ್ನು ಕೊಟ್ಟು ನಿಂತಿರುತ್ತವೆ. ರಾಘುವಿನ ಮನೆಯ ಮುಂದಿನ ಬಾಗಿಲಿನಿಂದ ಹಿತ್ತಲ ಬಾಗಿಲಿಗೆ ಎಂಟೂವರೆ ಮೀಟರ್. ಅವನು ಟೇಪು ಹಿಡಿದು ಅಳೆದಿದ್ದ. ಕಾರ್ಪೆಟ್ಟಿನ ಮೇಲೆ ಕೆಂಪು ಪಟ್ಟಿ ಅಂಟಿಸಿದ್ದ. ನಾನು ಮುಂದಿನ ಕೋಣೆಯ ಸೋಫಾದಲ್ಲಿ, ಅವನು ಹಿತ್ತಲ ಬಾಗಿಲಿನ ಹತ್ತಿರ ಕುರ್ಚಿಯಲ್ಲಿ. ನಾನು ಅಡುಗೆಮನೆಗೆ ಹೋಗಬೇಕಾದರೆ "ಬಂದೆ!" ಎಂದು ಕೂಗಬೇಕು. ಕೂಗಿದ ಕೂಡಲೇ ಅವನು ಹಿತ್ತಲಿಗೆ ಇಳಿಯಬೇಕು.

ನಮ್ಮಜ್ಜಿಯ ಮಡಿ ನೆನಪಾಯಿತು. ಆಕೆ ಒದ್ದೆ ಸೀರೆಯುಟ್ಟು ಅಡುಗೆಗೆ ನಿಂತರೆ ನಾವು ಹೊಸ್ತಿಲು ದಾಟುವ ಹಾಗಿರಲಿಲ್ಲ. ಆಗ ಬೇಕೆಂದೇ ಓಡಿ ಹೋಗಿ ಅಜ್ಜಿಯನ್ನು ಮುಟ್ಟಿ, ಮತ್ತೆ ಸ್ನಾನ ಮಾಡಿಸಿ, ಅದು ಮೂಢನಂಬಿಕೆಯೆಂದು ಭಾಷಣ ಬಿಗಿಯುತ್ತಿದ್ದವನು ಇದೇ ರಾಘು. ಅಜ್ಜಿಯ ಮಡಿಯಾದರೂ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಇವನದು ಮೂರು ಹೊತ್ತೂ ಇತ್ತು.

ಫ್ರಿಜ್ಜಿನ ಬಾಗಿಲ ಮೇಲೆ ಹನ್ನೊಂದು ಮೂಗುಗಳ ಚಿತ್ರ ಅಂಟಿಸಿದ್ದ. ಬರೀ ಮೂಗು. ನಮ್ಮ ಹೆಬ್ಬೆರಳ ಗುರುತಿನ ಹಾಗೆ ಗೊರಿಲ್ಲಾಗಳ ಮೂಗಿನ ಮೇಲಿನ ಸುಕ್ಕು ಒಂದೊಂದಕ್ಕೆ ಒಂದೊಂದು ಥರ, ಅದನ್ನು ನೋಡಿಯೇ ಕಾಡಿನವರು ಗುರುತು ಹಿಡಿಯುತ್ತಾರೆ. ಹಾಲು ತೆಗೆಯಲು ಹೋದಾಗಲೆಲ್ಲ ಆ ಮೂಗುಗಳು ನನ್ನನ್ನು ಮೂಸುತ್ತಿವೆ ಅನ್ನಿಸುತ್ತಿತ್ತು. ಒಂದು ದಿನ ರಾಘು ಹಿತ್ತಲಿನಿಂದ ಕೂಗಿ ನನ್ನ ಪರೀಕ್ಷೆಯನ್ನೂ ತೆಗೆದುಕೊಂಡ. ಹನ್ನೊಂದರಲ್ಲಿ ಎರಡು ಮೂಗು ಸರಿಯಾಗಿ ಹೇಳಿದೆ.

ಇದರ ಮೇಲೆ ಗೊರಿಲ್ಲಾ ಮಾತು ಬೇರೆ. ಅವು ನೆಮ್ಮದಿಯಿಂದ ತಿನ್ನುವಾಗ ಗಂಟಲಲ್ಲಿ "ಹ್ಞುಂ... ಹ್ಞೂಂ" ಎಂದು ಸದ್ದು ಮಾಡುತ್ತವಂತೆ. ನೋಡಲು ಹೋದವರೂ ಹಾಗೆ ಮಾಡಿದರೆ, ಇವರಿಂದ ಅಪಾಯವಿಲ್ಲ ಎಂದು ಅವು ಸುಮ್ಮನಿರುತ್ತವೆ. ರಾಘು ದಿನಾ ಬೆಳಿಗ್ಗೆ ಇದನ್ನು ಸಾಧನೆ ಮಾಡುತ್ತಿದ್ದ. ಕೇಳಲು ಅಪ್ಪಟ ಕೆಮ್ಮು. ಪ್ರತಿ ಸಲವೂ ಸುಧಾ ಥರ್ಮಾಮೀಟರ್ ಹಿಡಿದು ಓಡುತ್ತಿದ್ದಳು.

ನಾವು ಇಬ್ಬರೂ ಕೂಗಾಡುವುದನ್ನು ಕೇಳಿ ಪಕ್ಕದ ಮನೆಯ ಮುದುಕಿ ಡೋರೀನ್ ಜಗಳವೆಂದೇ ತಿಳಿದಳು. ಮೂರನೆಯ ದಿನ ಕೇಕು ತಂದು, ಬೇಲಿಯ ಆಚೆ ನಿಂತು, ಕಾಲು ಗಂಟೆ ಹವಾಮಾನದ ಬಗ್ಗೆ ಮಾತಾಡಿದಳು. ಆ ಊರಿನಲ್ಲಿ ಮುಖ್ಯವಾದ ಮಾತಿಗೆ ಮೊದಲು ಮೋಡದ ಮಾತು ಆಗಲೇಬೇಕು. ಸುಧಾ ಗೊರಿಲ್ಲಾ ವಿಷಯ ಬಿಡಿಸಿ ಹೇಳಿದಾಗ ಡೋರೀನ್ "ಓ, ಲವ್ಲಿ" ಎಂದಳು. ಆಕೆಗೆ ಎಲ್ಲವೂ ಲವ್ಲಿಯೇ. ಹೂವಿನ ಧೂಳಿಗೆ ಆಕೆಗೆ ಬೇಸಿಗೆಯಿಡೀ ಸೀನು ಬರುತ್ತಿತ್ತು, ಅದನ್ನು ಹೇಳಿದರೂ ಲವ್ಲಿ ಎಂದೇ ಮುಗಿಸುತ್ತಿದ್ದಳು.

ನಾನು ನಕ್ಕು ಬಿಡುತ್ತಿದ್ದೆ, ಆದರೆ ಒಂದು ಸಂಜೆ ನಗು ನಿಂತಿತು. ರಾಘು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುವುದನ್ನು ನೋಡಿದೆ. ಅವನ ಬಲ ಮಂಡಿ ಸವೆದು ಹೋಗಿತ್ತು. ಚಳಿಗಾಲಕ್ಕೆ ಮೊದಲು ಆಪರೇಶನ್, ಆಮೇಲೆ ಕಡಿದಾದ ಕಾಡು ಹತ್ತುವ ಮಾತಿಲ್ಲ. ಈ ವರ್ಷ ತಪ್ಪಿದರೆ ತಪ್ಪಿತು.

"ಅಷ್ಟ್ಯಾಕ ಬೇಕೋ ನಿನಗ ಆ ಗೊರಿಲ್ಲಾ?" ಎಂದು ಕೋಣೆಯ ಆಚೆಗೆ ಕೂಗಿದೆ.

ಅವನು ಮಂಡಿ ನೀವಿಕೊಳ್ಳುತ್ತ ಹೇಳಿದ. "ನಾ ಹೊಸದಾಗಿ ಬಂದಾಗ ಹಾಸ್ಟೆಲ್ ಟೀವ್ಯಾಗ ನೋಡಿದ್ದೆ ಅಕ್ಕಾ. ಬೆನ್ನ ಬೆಳ್ಳಗಾದ ಗಂಡು ಒಂದು, ಮಳಿಯಾಗ ಕೈ ಕಟಗೊಂಡು ಸುಮ್ಮನ ಕೂತಿತ್ತು. ಈ ಊರಾಗ ನನ್ನಂಗ ಕೂತಾಂವ ಇಂವನೊಬ್ಬನ ಅನ್ನಿಸ್ತು."

ಅವತ್ತಿನಿಂದ ನಾನು ತಪ್ಪದೆ "ಬಂದೆ!" ಎಂದು ಕೂಗತೊಡಗಿದೆ.

ಮೃಗಾಲಯ

ನನಗೆ ಒಮ್ಮೆ ಗೊರಿಲ್ಲಾ ತೋರಿಸಬೇಕೆಂದು ಮೂವರೂ ಮೃಗಾಲಯಕ್ಕೆ ಹೋದೆವು. ಟ್ಯೂಬಿನಲ್ಲಿ ಅವನು ಒಂದು ಡಬ್ಬಿ, ನಾವು ಒಂದು ಡಬ್ಬಿ. ಗಾಜಿನ ಆಚೆ ದೊಡ್ಡದೊಂದು ಗೊರಿಲ್ಲಾ ಕೂತು ಸೊಪ್ಪು ಬಿಡಿಸುತ್ತಿತ್ತು. ಪರೀಕ್ಷೆಯ ಪೇಪರು ತಿದ್ದುವಾಗ ನಮ್ಮ ಹೆಡ್‌ಮಾಸ್ತರರು ಹಾಗೆಯೇ ಕೂರುತ್ತಿದ್ದರು.

"ಇವು ತಗ್ಗಿನ ಕಾಡಿನವು ಅಕ್ಕಾ!" ರಾಘು ಜನರ ತಲೆಯ ಮೇಲಿಂದ ಕೂಗಿದ. "ನಮ್ಮವು ಬೆಟ್ಟದವು! ನಮ್ಮವಕ್ಕ ಕೂದಲಾ ಉದ್ದ, ಚಳಿ ಇರ್ತದಲ್ಲ! ನಮ್ಮವು ಝೂದಾಗ ಬದುಕಂಗಿಲ್ಲ, ಜಗತ್ತಿನ ಯಾವ ಝೂದಾಗೂ ಇಲ್ಲ!"

ನಮ್ಮವು, ನಮ್ಮವು ಎಂದು ಬೀಗರ ಮನೆಯವರ ಬಗ್ಗೆ ಹೇಳುವ ಧಾಟಿ. ಅವು ಉಳಿದಿರುವುದು ಮೂರು ದೇಶಗಳ ನಡುವಿನ ಎರಡೇ ಎರಡು ಕಾಡಿನಲ್ಲಿ, ಎಲ್ಲ ಸೇರಿ ಏಳುನೂರರ ಆಸುಪಾಸು. ಸುತ್ತ ಹೊಲ, ಮನೆ. ಜಿಂಕೆಗೆ ಒಡ್ಡಿದ ಉರುಲಿಗೆ ಇವುಗಳ ಕೈ ಸಿಗುತ್ತದೆ. ತಾಯಿ ಹೆರುವುದು ನಾಲ್ಕು ವರ್ಷಕ್ಕೊಮ್ಮೆ, ಹೋದದ್ದು ಬೇಗ ತುಂಬುವುದಿಲ್ಲ. ಸಂಜೆಯಾದರೆ ಪ್ರತಿಯೊಂದೂ ಹೊಸದಾಗಿ ಸೊಪ್ಪಿನ ಹಾಸಿಗೆ ಮಾಡಿಕೊಳ್ಳುತ್ತದೆ. ರಾಘು ಇದನ್ನೆಲ್ಲ ಕನ್ನಡದಲ್ಲಿ, ಏಳು ಮೀಟರ್ ದೂರದಿಂದ, ಕೈ ಬೀಸಿ ಹೇಳುತ್ತಿದ್ದರೆ ಸುತ್ತಲಿನವರು ಅವನನ್ನು ಮೃಗಾಲಯದ ಮನುಷ್ಯನೆಂದು ತಿಳಿದು ಗೌರವದಿಂದ ನಿಂತು ಕೇಳಿದರು. ಕೊನೆಗೆ ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಗೊರಿಲ್ಲಾ ಒಂದು ಸಲ ಆಕಳಿಸಿ ನಮಗೆ ಬೆನ್ನು ಮಾಡಿ ಕೂತಿತು.

ಎಜ್‌ವೇರ್

ಹೊರಡುವುದಕ್ಕೆ ಒಂಬತ್ತು ದಿನ ಇರುವಾಗ, ಭಾನುವಾರ, ಎಜ್‌ವೇರಿನಲ್ಲಿ ಸುಧಾಳ ಗೆಳತಿಯ ಮನೆಯಲ್ಲಿ ರಾಘುವಿಗೆ ಬೀಳ್ಕೊಡುಗೆ ಏರ್ಪಾಟಾಯಿತು. ಮೂವತ್ತು ಜನ, ಅವರಲ್ಲಿ ಹದಿನೈದು ಡಾಕ್ಟರುಗಳು. ಅಷ್ಟು ಜನರ ಉಸಿರಿನಲ್ಲಿ ತಾನು ಬರುವುದಿಲ್ಲವೆಂದು ರಾಘು ಹಟ ಹಿಡಿದ. ಹೋಳಿಗೆ ಆಗಲೇ ತಟ್ಟಿದ್ದರು. ಹೀಗಾಗಿ ಬೀಳ್ಕೊಡುಗೆ ಅವನಿಲ್ಲದೆಯೇ ನಡೆಯಿತು.

ಮನುಷ್ಯ ಇಲ್ಲದಿದ್ದರೆ ಫೋಟೋ ಇರಲಿ ಎಂದು ಯಾರೋ ಅವನ ದೊಡ್ಡ ಫೋಟೋ ಮೇಜಿನ ಮೇಲಿಟ್ಟರು. ಸನ್ಮಾನಕ್ಕೆಂದು ತಂದ ಹಾರ ಸುಮ್ಮನೆ ಒಣಗುತ್ತದೆ ಎಂದು ಅದನ್ನು ಫೋಟೋಕ್ಕೇ ಹಾಕಿದರು. ಪಕ್ಕದಲ್ಲಿ ದೀಪವನ್ನೂ ಹಚ್ಚಿದರು. ನನಗೆ ಸರಿ ಕಾಣಲಿಲ್ಲ, ಆದರೆ ಪರವೂರಿನವರ ಮನೆಯಲ್ಲಿ ಏನು ಹೇಳುವುದು?

ತಡವಾಗಿ ಬಂದ ಮೈಸೂರಿನ ವಿಮಲಾ ಎಂಬಾಕೆ ಫೋಟೋ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಯಾರನ್ನೋ ಕೇಳಿ ನಾನು ಅಕ್ಕನೆಂದು ತಿಳಿದು ಹತ್ತಿರ ಬಂದು ಕೂತಳು.

"ಯಾವಾಗ ಆಯ್ತು?" ಎಂದು ಮೆಲ್ಲಗೆ ಕೇಳಿದಳು.

"ಇನ್ನೂ ಇಲ್ಲರಿ, ಬರೂ ಮಂಗಳವಾರ ಅಲ್ಲ, ಅದರ ಮುಂದಿಂದು," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ದುಃಖದಲ್ಲಿ ನನಗೆ ತಲೆ ಕೆಟ್ಟಿದೆ ಎಂದು ಆಕೆಗೆ ಖಾತ್ರಿಯಾಯಿತು. "ಧೈರ್ಯ ತಗೊಳ್ಳಿ, ಅತ್ತುಬಿಡಿ, ಒಳಗೆ ಇಟ್ಕೋಬೇಡಿ," ಎನ್ನುತ್ತ ನನ್ನನ್ನು ತಬ್ಬಿ, ನನ್ನ ಹೆಗಲ ಮೇಲೆ ತಾನೇ ಅತ್ತಳು. ಬಿಡಿಸಿಕೊಂಡು ನಿಜ ಹೇಳಲು ಹತ್ತು ನಿಮಿಷ ಹಿಡಿಯಿತು. ಮೂವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಮಲಾ ನಾಚಿ, ಮೂಗು ಒರೆಸಿಕೊಂಡು, "ಅಳು ಅಲ್ಲ ಇದು, ಎರಡು ದಿನದಿಂದ ನೆಗಡಿ ನಂಗೆ," ಎಂದಳು.

ಮತ್ತೆ ಕೆಂಟನ್, ಶುಕ್ರವಾರ

ವಿಮಾನ ಇದ್ದದ್ದು ಮಂಗಳವಾರ. ನಾನು ಧಾರವಾಡದಿಂದ ಒಯ್ದ ಪಂಚಾಂಗ ತೆಗೆದು ನೋಡಿದರೆ ಅಂದು ಅಮಾವಾಸ್ಯೆ. ಅಂಥ ದೂರದ ಕಾಡಿಗೆ ಅಮಾವಾಸ್ಯೆಯ ದಿನ ಮನೆ ಬಿಡುವುದೇ? ನಮ್ಮಲ್ಲಿ ಇದಕ್ಕೊಂದು ದಾರಿ ಇದೆ, ಪ್ರಸ್ಥಾನ. ಒಳ್ಳೆಯ ದಿನ ನೋಡಿ ಮೊದಲೇ ಶಾಸ್ತ್ರೋಕ್ತವಾಗಿ ಹೊರಟುಬಿಡಬೇಕು, ಒಂದು ಗಂಟನ್ನು ಹೋಗುವ ದಿಕ್ಕಿನ ಬೇರೊಂದು ಮನೆಯಲ್ಲಿ ಇಟ್ಟು ಬರಬೇಕು. ಆಮೇಲೆ ಯಾವಾಗ ಹೋದರೂ ಹೊರಟದ್ದು ಆ ಒಳ್ಳೆಯ ದಿನವೇ ಎಂದು ಲೆಕ್ಕ. ಶುಕ್ರವಾರ ಬೆಳಿಗ್ಗೆ ಚೆನ್ನಾಗಿತ್ತು. ಉಗಾಂಡಾ ದಕ್ಷಿಣಕ್ಕೆ, ಡೋರೀನಳ ಮನೆಯೂ ದಕ್ಷಿಣಕ್ಕೆ.

ರಾಘು ಮುಖ ಸಿಂಡರಿಸಿದರೂ ನನಗಾಗಿ ಒಪ್ಪಿದ. ಒಪ್ಪಂದ ಹೀಗೆ: ನಾನು ಸ್ಟೂಲಿನ ಮೇಲೆ ಮೊಸರು ಸಕ್ಕರೆ ಇಟ್ಟು ಹಿಂದೆ ಸರಿಯಬೇಕು, ಅವನು ಬಂದು ತಿನ್ನಬೇಕು, ಕೆಂಪು ಪಟ್ಟಿಯ ಆಚೆಯಿಂದಲೇ ನಮಸ್ಕಾರ ಮಾಡಬೇಕು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಗುರುವಾರದಿಂದಲೇ ನನ್ನ ಗಂಟಲು ಕೆರೆಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹೇಳಿದ್ದರೆ ಅಂದೇ ನನ್ನನ್ನು ಎಜ್‌ವೇರಿಗೆ ಸಾಗಿಸುತ್ತಿದ್ದರು, ತಮ್ಮನನ್ನು ಕಳಿಸುವ ಹೊತ್ತಿಗೆ ನಾನು ಇರುತ್ತಿರಲಿಲ್ಲ. ಕೆರೆತ ಬೇರೆ, ನೆಗಡಿ ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕದ್ದು ಬಿಸಿನೀರು ಕುಡಿಯುತ್ತಿದ್ದೆ.

ಅವನು ಮೊಸರು ತಿಂದ. ಪಟ್ಟಿಯ ಆಚೆ ಹೋಗಿ, ಕುರ್ಚಿ ಹಿಡಿದು, ಆ ಸವೆದ ಮಂಡಿಯನ್ನು ಕಷ್ಟಪಟ್ಟು ಮಡಚಿ ನೆಲಕ್ಕೆ ಬಗ್ಗತೊಡಗಿದ. ನೋವಿಗೆ ಅವನ ಮುಖ ಕಿವುಚಿತು. ಅರವತ್ತರ ಹತ್ತಿರದ ನನ್ನ ತಮ್ಮ ಖಾಲಿ ಕಾರ್ಪೆಟ್ಟಿಗೆ ನಮಸ್ಕಾರ ಮಾಡುತ್ತಿದ್ದಾನೆ.

"ಬಾ ಇಲ್ಲೆ," ಎಂದು ಕೈ ಮಾಡಿ ಕರೆದೆ.

ಅವನು ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಎದ್ದು, ಪಟ್ಟಿ ದಾಟಿ ಬಂದು, ನನ್ನ ಕಾಲು ಮುಟ್ಟಿದ. ನಾನು ಅವನ ತಲೆ ಸವರಿದೆ, ಗಲ್ಲ ಹಿಂಡಿದೆ, ದೃಷ್ಟಿ ತೆಗೆದು ನೆಟಿಗೆ ಮುರಿದೆ.

ಅಕ್ಕಿ, ಅರಿಶಿನದ ಕೊಂಬು, ದುರ್ಬೀನು ಕಟ್ಟಿದ ಗಂಟು ಹಿಡಿದು ಅವನು ಡೋರೀನಳ ಮನೆಗೆ ಹೋದ. ನಾನು ಕಿಟಕಿಯಿಂದ ಕೇಳುತ್ತಿದ್ದೆ. ತಾನು ಮಂಗಳವಾರ ಹೋಗುತ್ತೇನೆ, ಆದರೆ ಮಂಗಳವಾರ ಹೊರಡುವಂತಿಲ್ಲ, ಆದ್ದರಿಂದ ಈಗಾಗಲೇ ಹೊರಟಿದ್ದೇನೆ ಎಂದು ಅವನು ಇಂಗ್ಲಿಷಿನಲ್ಲಿ ವಿವರಿಸಿದ.

"ಹಾಗಾದರೆ ನೀನು ಈಗ ಇಲ್ಲಿ ಇಲ್ಲ?" ಎಂದು ಆಕೆ ಕೇಳಿದಳು.

"ಇಲ್ಲ."

"ಲವ್ಲಿ. ಚಹಾ ಕುಡೀತೀಯಾ?" ಎಂದು ಡೋರೀನ್ ನಾಲ್ಕು ಸಲ ಸೀನಿದಳು.

ಸೋಮವಾರ

ಶನಿವಾರ ನನ್ನ ಮೂಗು ಸೋರತೊಡಗಿತು. ಡೋರೀನಳ ಹಾಗೆ ನನಗೂ ಹೂವಿನ ಧೂಳು ಆಗಿಬರುವುದಿಲ್ಲ ಎಂದು ಸುಳ್ಳು ಹೇಳಿ ಕೋಣೆ ಸೇರಿದೆ. ಸೋಮವಾರ ಬೆಳಿಗ್ಗೆ ಹಿತ್ತಲಿನಲ್ಲಿ "ಹ್ಞುಂ... ಹ್ಞೂಂ" ಕೇಳಿಸಿತು. ಸುಧಾ ಚಹಾ ಸೋಸುತ್ತ, "ಇವತ್ತು ಭಾಳ ಚಂದ ಬಂತು ನೋಡ್ರಿ, ಖರೇ ಗೊರಿಲ್ಲಾ," ಎಂದಳು. ಊಟದ ಹೊತ್ತಿಗೆ ರಾಘು ಮೂರು ಸಲ ಸೀನಿದ. ಗೊರಿಲ್ಲಾ ಮಾತಿನಲ್ಲಿ ಸೀನು ಇಲ್ಲ.

ಸುದ್ದಿ ಹಬ್ಬಿ ಡಾಕ್ಟರುಗಳ ಫೋನು ಶುರುವಾದವು. ಒಬ್ಬರು ಮಾತ್ರೆ, ಒಬ್ಬರು ಮೂಗಿಗೆ ಹನಿ, ಒಬ್ಬರು ಇಂಜೆಕ್ಷನ್ನು. ಅಲ್ಲಿ ಯಾರಾದರೂ ಕೇಳಿದರೆ ಅಲರ್ಜಿ ಎನ್ನು ಎಂದು ಎಲ್ಲರೂ ಹೇಳಿದರು. ತಪ್ಪು ಯಾರದೆಂದು ಕೂಡ ತೀರ್ಮಾನವಾಗಿಹೋಯಿತು: ಡೋರೀನ್, ಆಕೆಯ ಸೀನು ಹೂವಿನ ಧೂಳಿನದಲ್ಲ, ನೆಗಡಿಯದೇ. ನಾನು ಸುಮ್ಮನೆ ತಟ್ಟೆ ತೊಳೆಯುತ್ತಿದ್ದೆ.

"ಒಂದು ಗುಳಿಗಿ ತಗೊಂಡು ಹೋಗ್ರಿ," ಸುಧಾ ಅಳುವ ದನಿಯಲ್ಲಿ ಹೇಳಿದಳು. "ಜ್ವರಾ ಇಲ್ಲ, ಏನಿಲ್ಲ. ಯಾರಿಗೆ ತಿಳೀತದ?"

"ಯಾರಿಗೂ ತಿಳಿಯಂಗಿಲ್ಲ. ಅದಕ್ಕನ ಹೋಗಂಗಿಲ್ಲ," ಎಂದ ರಾಘು. "ಅಲ್ಲೆ ಒಂದು ಮರಿ ಕೆಮ್ಮಿದ್ರ ಅದಕ್ಕ ಯಾವ ಎದಿ ಡಾಕ್ಟರ್ ಇದ್ದಾನ?"

ಅವನೇ ಪ್ರವಾಸ ಏರ್ಪಡಿಸಿದವರಿಗೆ ಫೋನು ಮಾಡಿ ತನಗೆ ನೆಗಡಿಯೆಂದು, ಬರುವುದಿಲ್ಲವೆಂದು ಹೇಳಿದ. ಆಮೇಲೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡ. ಬುಧವಾರ ಡೋರೀನ್ ಗಂಟು ಹಿಂತಿರುಗಿಸಲು ಬಂದಳು. ಜೊತೆಗೆ ಒಂದು ಕಾರ್ಡು, ಒಳಗೆ ನಡುಗುವ ಅಕ್ಷರದಲ್ಲಿ ಕ್ಷಮಿಸು ಎಂದು ಬರೆದಿದ್ದಳು. ಯಾರೋ ಆಕೆಗೆ ಹೇಳಿಬಿಟ್ಟಿದ್ದರು. ಆಕೆ ಅವತ್ತು ಮೋಡದ ಮಾತನ್ನೇ ಆಡಲಿಲ್ಲ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಗುರುವಾರ

ಕಾಡಿನಲ್ಲಿ ಗೊರಿಲ್ಲಾಗಳು ಸಿಕ್ಕ ಮೇಲೆ ಅವುಗಳ ಮುಂದೆ ಇರಲು ಬಿಡುವುದು ಒಂದೇ ಒಂದು ಗಂಟೆ. ಉಗಾಂಡಾದಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಕೆಂಟನ್ನಿನಲ್ಲಿ ಬೆಳಿಗ್ಗೆ ಹತ್ತು. ಆ ಹೊತ್ತಿಗೆ ಸರಿಯಾಗಿ ರಾಘು ಹಿತ್ತಲಿನ ಬೆಂಚಿನ ಮೇಲೆ ಬಂದು ಕೂತ. ನಾನು ಹೋಗಿ ಅವನ ಪಕ್ಕ ಕೂತೆ. ಇನ್ನು ಯಾವ ಪಟ್ಟಿಯ ಹಂಗೂ ಇರಲಿಲ್ಲ. ಇಬ್ಬರೂ ಒಂದೇ ಡಬ್ಬಿಯಿಂದ ಟಿಶ್ಯೂ ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದೆವು. ಅವನು ಗಿಡಗಳನ್ನೇ ನೋಡುತ್ತಿದ್ದ. ಅರ್ಧ ಗಂಟೆ ತಡೆದೆ, ಆಮೇಲೆ ನನ್ನಿಂದಾಗಲಿಲ್ಲ.

"ರಾಘು, ಡೋರೀನ್‌ದಲ್ಲೋ ಅದು. ನಂದು. ಗುರುವಾರನ ಗಂಟಲಾ ಕೆರೀತಿತ್ತು. ಮುಚ್ಚಿಟ್ಟೆ."

"ಗೊತ್ತದ."

"ಏನ್ ಗೊತ್ತದ?"

"ಶುಕ್ರವಾರ ನೀ ಮೊಸರಿಟ್ಟು ಹಿಂದ ಸರಿದು ಮಾತಾಡಿದೆಲ್ಲ, ದನೀ ಕೇಳೇ ತಿಳೀತು. ಮೂವತ್ತು ವರ್ಷ ರೋಗಿಗಳ ಗಂಟಲಾಗ ಅದನ್ನ ಕೇಳೇನಿ. ಡೋರೀನ್‌ಗ ನಿನ್ನೆ ಸಂಜಿಕ ಹೋಗಿ ಹೇಳಿ ಬಂದೆ, ನಿಂದಲ್ಲಂತ."

ಮೂರು ವಾರ ಹೆಂಡತಿಯ ತಟ್ಟೆಯನ್ನೂ ಮುಟ್ಟದೆ ಇದ್ದವನು, ಗೊತ್ತಿದ್ದೂ ಆ ಪಟ್ಟಿ ದಾಟಿ ಬಂದಿದ್ದ.

"ಹುಚ್ಚಾ! ತಿಳದಿದ್ರ ಮತ್ತ ಯಾಕ ಬಂದ್ಯೋ ಹತ್ರ?"

"ನೀ ಕರದಿಯಲ್ಲ," ಎಂದ.

ನಾನು ಅತ್ತೆ. ಅವ್ವ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಅವನು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿ, ಕೈಗಡಿಯಾರ ನೋಡಿಕೊಂಡ.

"ಸಾವಕಾಶ ಅಳು ಅಕ್ಕಾ, ಸಪ್ಪಳಾ ಮಾಡಬ್ಯಾಡ," ಎಂದ. "ಇನ್ನ ಇಪ್ಪತ್ತು ನಿಮಿಷ ಅವ."